ಕಾರು ಬಂತು, ಗೆಸ್ಟು ಹೋದರು: ಇನ್, ಆನ್, ಅಟ್, ಬೈ ಕೈಕೊಟ್ಟಾಗ ಎಲ್ಲಿ ನೋಡಬೇಕು

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಹೋಮ್‌ಸ್ಟೇಗೆ ಬರಬೇಕಿದ್ದ ಇಬ್ಬರಿಗೆ ಒಂದು ಮೆಸೇಜ್ ಹಾಕಿದೆ. ಅವರು ಕುಮಟಾದಲ್ಲಿ ರೈಲು ಇಳಿಯುವವರು. ನಮ್ಮ ಮನೆ ಘಟ್ಟದ ಮೇಲೆ, ಶಿರಸಿ ಪೇಟೆ ದಾಟಿ ಇನ್ನೂ ಸ್ವಲ್ಪ ಆಚೆ. ಕಾರು ಕಳಿಸುತ್ತೇನೆ, ಆರು ಗಂಟೆ ಒಳಗೆ ಸ್ಟೇಷನ್ನಿನಲ್ಲಿ ಇರುತ್ತದೆ ಅಂತ ಹೇಳಬೇಕಿತ್ತು. ಬರೆದದ್ದು ಹೀಗೆ: ‘ದಿ ಕಾರ್ ವಿಲ್ ಬಿ ಅಟ್ ಕುಮಟಾ ಸ್ಟೇಷನ್ ಅಂಟಿಲ್ ಸಿಕ್ಸ್.’

ಅವತ್ತು ರೈಲು ಸ್ವಲ್ಪ ತಡ. ಅವರು ಇಳಿದಾಗ 6.20. ಮೆಸೇಜ್ ಇನ್ನೊಮ್ಮೆ ಓದಿದರು. ಆರರ ತನಕ ಮಾತ್ರ ಕಾರು ಇರುತ್ತದೆ, ಆಮೇಲೆ ಹೊರಟು ಹೋಗುತ್ತದೆ ಅಂತ ತಿಳಿದುಕೊಂಡರು. ಅವರ ತಪ್ಪೇನಿಲ್ಲ, ನಾನು ಬರೆದದ್ದರ ಅರ್ಥವೇ ಅದು. ಅತ್ತಿತ್ತ ನೋಡದೆ ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದರು, ಶಿರಸಿ ಬಸ್ ಹಿಡಿದರು. ಇತ್ತ ನನ್ನ ತಮ್ಮ ಸ್ಟೇಷನ್ ಹೊರಗೆ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು, ಎಲೆಯಡಿಕೆ ಕವಳ ಹಾಕುತ್ತಾ ಏಳೂವರೆ ತನಕ ಕಾದ. ನಾನು ಗೆಸ್ಟಿಗೆ ಫೋನ್ ಮಾಡಿದರೆ ತಾಗುವುದೇ ಇಲ್ಲ. ಅಷ್ಟೊತ್ತಿಗೆ ಅವರು ದೇವಿಮನೆ ಘಟ್ಟದ ತಿರುವಿನಲ್ಲಿದ್ದರು, ನೆಟ್‌ವರ್ಕ್ ಸಿಗದ ಜಾಗದಲ್ಲಿ.

ರಾತ್ರಿ ಒಂಬತ್ತರ ಮೇಲೆ ಮನೆ ಮುಟ್ಟಿದರು. ಕುಡಿಯಲು ಆಸ್ರಿಗೆ ಕೊಟ್ಟೆ, ತೊಡದೇವು ಮುಂದಿಟ್ಟೆ. ಅವರಿಗೆ ಸಿಟ್ಟೇನೂ ಇರಲಿಲ್ಲ. ತಮ್ಮನಿಗೆ ಇತ್ತು. ‘ಒಂದು ಶಬ್ದಕ್ಕೆ ನನ್ನ ಸಂಜೆ ಪೂರ್ತಿ ಹೋತು ಅಕ್ಕಾ’ ಅಂದ.

ಅವತ್ತಿನಿಂದ ನಾನು ಕಳಿಸಿದ ಮೆಸೇಜುಗಳನ್ನೆಲ್ಲ ಹಿಂದಿನಿಂದ ಓದುತ್ತಾ ಬಂದೆ. ಅಕ್ಕಪಕ್ಕದ ಹೋಮ್‌ಸ್ಟೇಯವರೂ ತಮ್ಮ ಮೆಸೇಜು ತೋರಿಸತೊಡಗಿದರು. ನೋಡಿದರೆ ಇನ್, ಆನ್, ಅಟ್, ಬೈ ಥರದ ಇಂಗ್ಲಿಷಿನ ಸಣ್ಣ ಶಬ್ದಗಳಲ್ಲಿ ಎಲ್ಲರದ್ದೂ ಅವೇ ಆರೇಳು ತಪ್ಪು. ಅವನ್ನು ಹುಡುಕಿ ಸರಿಮಾಡುವ ಕ್ರಮ ಇಲ್ಲಿ ಬರೆದಿದ್ದೇನೆ.

ಮೊದಲು ಬುಡ ನೋಡಿ

ತೋಟದ ಪಂಪ್‌ಸೆಟ್ ನೀರು ಎತ್ತದಿದ್ದರೆ ನಮ್ಮ ಅಪ್ಪಯ್ಯ ಮೋಟಾರ್ ಮುಟ್ಟುತ್ತಲೇ ಇರಲಿಲ್ಲ. ಮೊದಲು ಹೊಳೆಗೆ ಇಳಿದು ಪೈಪಿನ ಬುಡದ ಫುಟ್‌ವಾಲ್ವ್ ನೋಡುತ್ತಿದ್ದ. ಹೆಚ್ಚಿನ ಸಲ ಅದರಲ್ಲೇ ಒಂದು ಎಲೆಯೋ ಕಡ್ಡಿಯೋ ಸಿಕ್ಕಿಕೊಂಡಿರುತ್ತಿತ್ತು. ಇಲ್ಲೂ ಹಾಗೇ. ಇಂಗ್ಲಿಷ್ ವಾಕ್ಯವನ್ನು ಬಿಚ್ಚುವ ಮೊದಲು ಅದರ ಬುಡದಲ್ಲಿದ್ದ ಕನ್ನಡ ನೋಡಿ.

ನಾವು ಮನಸ್ಸಲ್ಲಿ ಕನ್ನಡದಲ್ಲೇ ಹೇಳಿಕೊಳ್ಳುತ್ತೇವೆ, ಅಲ್ವಾ? ‘ಸ್ಟೇಷನ್ನಲ್ಲಿ’, ‘ಎಂಟು ಗಂಟೆಗೆ’, ‘ಎರಡು ವರ್ಷದಿಂದ’. ಶಬ್ದದ ಬಾಲ ಹಿಡಿದು ಅದಕ್ಕೊಂದು ಇಂಗ್ಲಿಷ್ ಶಬ್ದ ಹುಡುಕುತ್ತೇವೆ. ಕೆಡುವುದು ಅಲ್ಲೇ. ನಮ್ಮ ‘ಅಲ್ಲಿ’ ಒಂದೇ ಬಾಲ. ಇಂಗ್ಲಿಷಲ್ಲಿ ಅದು ಇನ್ ಆಗಬಹುದು, ಆನ್ ಆಗಬಹುದು, ಅಟ್ ಆಗಬಹುದು. ನಮ್ಮ ‘ಇಂದ’ ಅಂತೂ ಊರೆಲ್ಲ ತಿರುಗುತ್ತದೆ. ಕುಮಟಾದಿಂದ ಅಂದರೆ ಫ್ರಮ್, ಸೋಮವಾರದಿಂದ ಅಂದರೆ ಸಿನ್ಸ್ ಇಲ್ಲವೇ ಫ್ರಮ್, ಎರಡು ವರ್ಷದಿಂದ ಅಂದರೆ ಫಾರ್, ಕತ್ತಿಯಿಂದ ಅಂದರೆ ವಿತ್, ಮಳೆಯಿಂದ ರಸ್ತೆ ಬಂದ್ ಅಂದರೆ ಬಿಕಾಸ್ ಆಫ್.

ಅದಕ್ಕೇ ಮೊದಲ ತಪಾಸಣೆ ಇದು. ಸಂಶಯ ಬಂದ ಇಂಗ್ಲಿಷ್ ಶಬ್ದದ ಕೆಳಗೆ ಗೆರೆ ಎಳೆಯಿರಿ. ಕನ್ನಡದಲ್ಲಿ ಅಲ್ಲಿ ಏನಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ‘ಒಳಗೆ’ಯೋ, ‘ತನಕ’ವೋ, ‘ಇಂದ’ವೋ, ‘ಎದುರು’ವೋ? ಅದು ಗೊತ್ತಾದರೆ ಅರ್ಧ ಕೆಲಸ ಆಯಿತು.

ಲಕ್ಷಣ: ಜನ ಹೊತ್ತು ತಪ್ಪಿ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ

ನನ್ನ ಕಾರಿನ ಕಥೆ ಇದೇ ಜಾತಿಯದು. ಎಲ್ಲಕ್ಕಿಂತ ಜಾಸ್ತಿ ನಷ್ಟ ಮಾಡುವ ತಪ್ಪು ಇದು. ಇನ್ ಬದಲು ಆನ್ ಬರೆದರೆ ಓದುವವರು ನಕ್ಕು ಸುಮ್ನೆ ಆಗುತ್ತಾರೆ. ಬೈ ಬದಲು ಅಂಟಿಲ್ ಬರೆದರೆ ಬಸ್ ಹತ್ತಿ ಹೋಗುತ್ತಾರೆ.

ಅಂಟಿಲ್ ಅಂದರೆ ‘ತನಕ’. ನಡೆಯುತ್ತಿರುವ ಒಂದು ಕೆಲಸ ಅಲ್ಲಿಯವರೆಗೆ ಎಳೆದುಕೊಂಡು ಹೋಗಿ ನಿಲ್ಲುತ್ತದೆ. ಅಂಗಡಿ ಎಂಟರ ತನಕ ತೆರೆದಿರುತ್ತದೆ. ಟಿಲ್ ಅಂದರೂ ಅದೇ. ಬೈ ಅಂದರೆ ‘ಒಳಗೆ’ ಅಥವಾ ‘ಅಷ್ಟೊತ್ತಿಗೆ’. ಒಂದು ಕೆಲಸ ಆ ಹೊತ್ತಿಗೆ, ಇಲ್ಲವೇ ಅದಕ್ಕೂ ಮುಂಚೆ, ಆಗಿ ಮುಗಿದಿರುತ್ತದೆ. ಎಂಟರ ಒಳಗೆ ಊಟಕ್ಕೆ ಹೇಳಿ ಅನ್ನಬೇಕಾದರೆ ಬೈ ಏಟ್.

ಪರೀಕ್ಷೆ ಸುಲಭ. ವಾಕ್ಯದಲ್ಲಿ ‘ಇಡೀ ಹೊತ್ತು’ ಅಂತ ಸೇರಿಸಿ ನೋಡಿ. ‘ಕಾರು ಇಡೀ ಹೊತ್ತು, ಆರರ ತನಕ, ನಿಂತಿರುತ್ತದೆ’ ಅನ್ನುವುದು ನಿಮ್ಮ ಮಾತಾದರೆ ಅಂಟಿಲ್. ‘ಇಡೀ ಹೊತ್ತು ಊಟಕ್ಕೆ ಹೇಳಿ’ ಅಂತ ಯಾರಾದರೂ ಹೇಳುತ್ತಾರಾ? ಇಲ್ಲ. ಹಾಗಾದರೆ ಬೈ.

ಗೆಸ್ಟುಗಳ ಕಡೆಯಿಂದಲೂ ಒಂದು ಮೋಸ ಬರುತ್ತದೆ. ‘ವಿ ವೋಂಟ್ ರೀಚ್ ಅಂಟಿಲ್ ನೈನ್’ ಅಂತ ಬರೆಯುತ್ತಾರೆ. ಮೊದಲ ಸಲ ಓದಿದಾಗ ನನಗೆ ತಲೆ ಬುಡ ತಿಳಿಯಲಿಲ್ಲ. ಒಂಬತ್ತರ ತನಕ ಬರುವುದಿಲ್ಲ, ಅಂದರೆ ಒಂಬತ್ತಕ್ಕೋ ಆಮೇಲೋ ಬರುತ್ತಾರೆ. ನಾಟ್ ಮತ್ತು ಅಂಟಿಲ್ ಒಟ್ಟಿಗೆ ಬಂದರೆ ಊಟದ ಅಪ್ಪೆಹುಳಿ ತಡವಾಗಿ ಮಾಡಿ.

ಇದೇ ‘ಒಳಗೆ’ಯ ಇನ್ನೊಂದು ಬೇರು ನೋಡಿ. ‘ಆರರ ಒಳಗೆ’ ಅನ್ನುವುದು ಗಡಿಯಾರದ ಒಂದು ಬಿಂದು, ಅದಕ್ಕೆ ಬೈ. ‘ಎರಡು ತಾಸಿನ ಒಳಗೆ’ ಅನ್ನುವುದು ಉದ್ದ, ಅದಕ್ಕೆ ವಿದಿನ್. ‘ಕೋಣೆ ಒಳಗೆ’ ಅಂದರೆ ಇನ್, ಒತ್ತಿ ಹೇಳಬೇಕಾದರೆ ಇನ್ಸೈಡ್. ಒಂದೇ ‘ಒಳಗೆ’ ಮೂರು ಕಡೆ ಹೋಯಿತು.

ಈಗ ‘ಹತ್ತು ನಿಮಿಷ ಬಿಟ್ಟು ಬರುತ್ತೇನೆ.’ ನಾವೆಲ್ಲ ಬರೆಯುವುದು ‘ಆಫ್ಟರ್ ಟೆನ್ ಮಿನಿಟ್ಸ್’. ಅರ್ಥ ಆಗುತ್ತದೆ, ಆದರೆ ಈಗಿನಿಂದ ಎಣಿಸುವಾಗ ಇಂಗ್ಲಿಷಿನವರು ಹೇಳುವುದು ‘ಇನ್ ಟೆನ್ ಮಿನಿಟ್ಸ್’. ಆಫ್ಟರ್ ಹೆಚ್ಚಾಗಿ ಆಗಿಹೋದ ಕಥೆಗೆ: ಹತ್ತು ನಿಮಿಷ ಆದಮೇಲೆ ಅವನು ಎದ್ದುಹೋದ. ಒಬ್ಬರು ಬೋಟಿನವರು ‘ದಿ ಬೋಟ್ ವಿಲ್ ಲೀವ್ ಇನ್ ಫೋರ್’ ಅಂತ ಬರೆದು ಕೂತಿದ್ದರು. ಅವರ ಮನಸ್ಸಲ್ಲಿದ್ದದ್ದು ನಾಲ್ಕು ಗಂಟೆಗೆ. ಓದಿದವರು ‘ನಾಲ್ಕು ನಿಮಿಷವಾ, ನಾಲ್ಕು ತಾಸಾ?’ ಅಂತ ಕೇಳಿದರು. ಗಡಿಯಾರದ ಗಂಟೆಗೆ ಅಟ್. ಇನ್ ಹಾಕಿದ ಕೂಡಲೇ ಅದು ಕಾಯುವ ಉದ್ದ ಆಗುತ್ತದೆ.

ಹಿಂದಕ್ಕೆ ಎಣಿಸುವಾಗಲೂ ಇಂಥದ್ದೇ ಎಡವಟ್ಟು. ‘ಬಿಫೋರ್ ಟೂ ಡೇಸ್ ಐ ಸೆಂಟ್ ದಿ ಮನಿ’ ಅಂತ ಎಷ್ಟೋ ಜನ ಬರೆಯುತ್ತಾರೆ. ಕನ್ನಡದ ‘ಎರಡು ದಿನದ ಮೊದಲು’ ಅಲ್ಲಿ ಕೂತಿದೆ. ಈಗಿನಿಂದ ಹಿಂದಕ್ಕೆ ಎಣಿಸಿದರೆ ‘ಟೂ ಡೇಸ್ ಅಗೋ’. ಬೇರೆ ಯಾವುದಾದರೂ ದಿನದಿಂದ ಹಿಂದಕ್ಕೆ ಎಣಿಸಿದರೆ ಬಿಫೋರ್, ಅದೂ ಸಂಖ್ಯೆ ಆದಮೇಲೆ: ‘ಟೂ ಡೇಸ್ ಬಿಫೋರ್ ದಿ ಜಾತ್ರೆ’.

ಲಕ್ಷಣ: ‘ಸಿನ್ಸ್ ಟೆನ್ ಇಯರ್ಸ್’

ಇದು ನಮ್ಮ ಜಿಲ್ಲೆಯ ರೋಗ ಅಂತ ನಾನು ತಿಳಿದಿದ್ದೆ. ಅಲ್ಲ, ಇಡೀ ದೇಶದ್ದು. ಕಾರಣ ನಮ್ಮ ‘ಇಂದ’. ‘1998ರಿಂದ’ ಅಂದರೂ ಇಂದ, ‘ಹತ್ತು ವರ್ಷದಿಂದ’ ಅಂದರೂ ಇಂದ. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ. ಶುರುವಾದ ಗಳಿಗೆ ಹೇಳಿದರೆ ಸಿನ್ಸ್, ಎಷ್ಟು ಉದ್ದ ಅಂತ ಹೇಳಿದರೆ ಫಾರ್.

ಕೊಂಕಣ ರೈಲು ರೋಹಾದಿಂದ ಮಂಗಳೂರಿನ ತನಕ ಪೂರ್ತಿ ತೆರೆದುಕೊಂಡದ್ದು 1998ರ ಜನವರಿ 26ರಂದು. ಅದನ್ನೇ ಇಟ್ಟುಕೊಳ್ಳಿ. ‘ಟ್ರೇನ್ಸ್ ಹ್ಯಾವ್ ಬೀನ್ ರನ್ನಿಂಗ್ ಆನ್ ದಿ ಹೋಲ್ ಲೈನ್ ಸಿನ್ಸ್ 1998.’ ಸರಿ. ‘ಫಾರ್ ಮೋರ್ ದ್ಯಾನ್ ಟ್ವೆಂಟಿಫೈವ್ ಇಯರ್ಸ್.’ ಇದೂ ಸರಿ. ‘ಸಿನ್ಸ್ ಟ್ವೆಂಟಿಫೈವ್ ಇಯರ್ಸ್’ ತಪ್ಪು. ಪರೀಕ್ಷೆ: ಆ ಶಬ್ದವನ್ನು ಕ್ಯಾಲೆಂಡರ್ ಮೇಲೋ ಗಡಿಯಾರದ ಮೇಲೋ ಬೆರಳಿಟ್ಟು ತೋರಿಸಬಹುದಾ? ಬೆರಳು ಒಂದು ಕಡೆ ನಿಂತರೆ ಸಿನ್ಸ್. ‘ಹತ್ತು ವರ್ಷ’ವನ್ನು ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಅದನ್ನು ಅಳೆಯಬೇಕು.

ಇಲ್ಲಿ ಇನ್ನೊಂದು ಭಾಗವೂ ಒಟ್ಟಿಗೇ ಕೆಟ್ಟಿರುತ್ತದೆ. ‘ಐ ಆಮ್ ಲಿವಿಂಗ್’ ಅಂತ ಬರೆದಿರುತ್ತೇವೆ. ಸಿನ್ಸ್ ಸರಿಮಾಡಿ ಇದನ್ನು ಬಿಟ್ಟರೆ ರಿಪೇರಿ ಅರ್ಧ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದರೆ ‘ಐ ಹ್ಯಾವ್ ಬೀನ್ ಲಿವಿಂಗ್’.

ಫ್ರಮ್ ಯಾವಾಗ? ಈಗಿನ ತನಕ ಬಂತೋ ಇಲ್ಲವೋ ಅನ್ನುವ ಗೊಡವೆ ಇಲ್ಲದೆ ಬರೀ ಶುರು ಹೇಳುವಾಗ. ‘ಬ್ರೇಕ್‌ಫಾಸ್ಟ್ ಫ್ರಮ್ ಏಟ್ ಟು ಟೆನ್.’

ಡ್ಯೂರಿಂಗ್ ಬಗ್ಗೆ ಒಂದೇ ಮಾತು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಒಂಬತ್ತು ದಿನ. ಯಾವಾಗ ಅಂತ ಕೇಳಿದರೆ ‘ಡ್ಯೂರಿಂಗ್ ದಿ ಜಾತ್ರೆ’. ಎಷ್ಟು ದಿನ ಅಂತ ಕೇಳಿದರೆ ‘ಫಾರ್ ನೈನ್ ಡೇಸ್’. ‘ಡ್ಯೂರಿಂಗ್ ನೈನ್ ಡೇಸ್’ ಬೇಡ.

ಲಕ್ಷಣ: ತಾರೀಖು, ವಾರ, ಹೊತ್ತು ಕಲಸಿಹೋಗಿವೆ

ಇದು ಶಾಲೆಯಲ್ಲಿ ಎಲ್ಲರೂ ಉರುಹೊಡೆದದ್ದೇ. ಆದರೂ ಕೆಡುತ್ತದೆ. ದೊಡ್ಡ ಪಾತ್ರೆಗೆ ಇನ್: ವರ್ಷ, ತಿಂಗಳು, ಮಳೆಗಾಲ. ಒಂದು ದಿನಕ್ಕೆ ಆನ್: ಸೋಮವಾರ, ತಾರೀಖು, ಹುಟ್ಟಿದ ದಿನ. ಗಳಿಗೆಗೆ ಅಟ್: 5.30, ಮಧ್ಯಾಹ್ನ 12, ಸೂರ್ಯ ಮುಳುಗುವ ಹೊತ್ತು, ಸಮುದ್ರದ ಉಬ್ಬರದ ಹೊತ್ತು. ಗೋಕರ್ಣದ ಕಡೆ ಬೀಚಿನಿಂದ ಬೀಚಿಗೆ ಬಂಡೆ ಬದಿಯಲ್ಲಿ ನಡೆಯುವವರಿಗೆ ‘ಡೋಂಟ್ ಕ್ರಾಸ್ ಅಟ್ ಹೈ ಟೈಡ್’ ಅಂತ ಬರೆಯಬೇಕಾಗುತ್ತದೆ. ಅಲ್ಲಿ ಅಟ್ ತಪ್ಪಿದರೂ ಅಡ್ಡಿಲ್ಲ, ಡೋಂಟ್ ತಪ್ಪಬಾರದು.

ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು ಗೊತ್ತಲ್ಲ? ಕಾರವಾರ ಮತ್ತು ಸದಾಶಿವಗಡದ ನಡುವಿನದು. ಅದನ್ನು ಮೂರು ಥರ ಹೇಳಬಹುದು. ‘ಇನ್ 2024’, ‘ಇನ್ ಆಗಸ್ಟ್ 2024’, ‘ಆನ್ 7 ಆಗಸ್ಟ್ 2024’. ಒಂದು ತಾರೀಖು ಸೇರಿದ ಕೂಡಲೇ ಇನ್ ಹೋಗಿ ಆನ್ ಬಂತು. ತಿಂಗಳು, ವರ್ಷ ಹಿಂದೆ ಎಷ್ಟು ಉದ್ದ ಇದ್ದರೂ ಸರಿ, ದಿನ ಇದ್ದರೆ ದಿನದ ಮಾತೇ ನಡೆಯುತ್ತದೆ.

ಜಾಸ್ತಿ ಜನ ಎಡವುವುದು ಬೆಳಿಗ್ಗೆ, ಸಂಜೆಯಲ್ಲಿ. ‘ಇನ್ ದಿ ಮಾರ್ನಿಂಗ್’ ಸರಿ. ಯಾವ ಬೆಳಿಗ್ಗೆ ಅಂತ ಹೇಳಿದರೆ ‘ಆನ್ ಸಂಡೇ ಮಾರ್ನಿಂಗ್’. ಇಲ್ಲೂ ದಿನವೇ ಗೆದ್ದಿತು. ರಾತ್ರಿಗೆ ‘ಅಟ್ ನೈಟ್’. ರಾತ್ರಿ ನಡುವೆ ಎಚ್ಚರ ಆಯಿತು, ನಾಯಿ ಬೊಗಳಿತು ಅಂತ ಒಂದು ನಿರ್ದಿಷ್ಟ ರಾತ್ರಿಯ ಕಥೆ ಹೇಳುವಾಗ ‘ಇನ್ ದಿ ನೈಟ್’ ಕೂಡ ನಡೆಯುತ್ತದೆ. ಅದನ್ನು ತಪ್ಪು ಅಂತ ಕೆಂಪು ಗೆರೆ ಎಳೆಯಬೇಡಿ.

ವಯಸ್ಸಿಗೆ ಅಟ್ ಅನ್ನುವುದು ನೆನಪಿರಲಿ. ರವೀಂದ್ರನಾಥ ಟ್ಯಾಗೋರ್ ಕಾರವಾರಕ್ಕೆ ಬಂದಾಗ ಅವರಿಗೆ 22. ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಡ್ಜ್ ಆಗಿದ್ದರು. ಬೀಚಿಗೆ ಈಗ ರವೀಂದ್ರರ ಹೆಸರೇ ಇದೆ. ಗೆಸ್ಟುಗಳಿಗೆ ಇದನ್ನು ಹೇಳುವಾಗ ‘ಅಟ್ ದಿ ಏಜ್ ಆಫ್ ಟ್ವೆಂಟಿ ಟೂ’, ಇಲ್ಲವೇ ‘ಇನ್ ಹಿಸ್ ಟ್ವೆಂಟೀಸ್’. ‘ಇನ್ ದಿ ಏಜ್ ಆಫ್’ ಅಂದರೆ ಯುಗ ಆಗುತ್ತದೆ.

ಇನ್ನು ‘ಆನ್ ಟೈಮ್’, ‘ಇನ್ ಟೈಮ್’. ರೈಲು ಹೇಳಿದ ಗಂಟೆಗೇ ಬಂದರೆ ಅದು ‘ಆನ್ ಟೈಮ್’. ನೀವು ರೈಲು ತಪ್ಪುವ ಮೊದಲು ಓಡಿ ಬಂದು ಹತ್ತಿದರೆ ನೀವು ‘ಇನ್ ಟೈಮ್’.

ಲಕ್ಷಣ: ಜಾಗ ತಪ್ಪುತ್ತದೆ

‘ಅಲ್ಲಿ’ಯ ನಿಜವಾದ ಕಾಟ ಇಲ್ಲಿ. ನಿಯಮ ಹೇಳುವವರು ಇನ್ ಅಂದರೆ ಒಳಗೆ, ಆನ್ ಅಂದರೆ ಮೇಲೆ, ಅಟ್ ಅಂದರೆ ಒಂದು ಬಿಂದು ಅನ್ನುತ್ತಾರೆ. ಸುಳ್ಳಲ್ಲ. ಆದರೆ ಬಸ್ಸಿನ ಒಳಗೆ ಕೂತು ‘ಆನ್ ದಿ ಬಸ್’ ಅನ್ನುವಾಗ ನಿಯಮಕ್ಕೆ ಏನಾಯಿತು?

ನಾನು ಕಂಡುಕೊಂಡ ಪರೀಕ್ಷೆ ಇದು. ಹತ್ತಿದ ಮೇಲೆ ಎದ್ದುನಿಂತು ನಡೆದಾಡಬಹುದಾ? ಹಾಗಾದರೆ ಆನ್: ಬಸ್, ರೈಲು, ಹಡಗು, ವಿಮಾನ. ಮೈ ಮಡಚಿ ಕೂರಬೇಕಾ? ಇನ್: ಕಾರು, ಟ್ಯಾಕ್ಸಿ, ಆಟೋ. ಕಾಲು ಅತ್ತಿತ್ತ ಹಾಕಿ ಕೂರಬೇಕಾ? ಮತ್ತೆ ಆನ್: ಬೈಕು, ಸೈಕಲ್. ಆಯಿ ಇದನ್ನು ಕೇಳುತ್ತಾ ಅಡಿಕೆ ಸುಲಿಯುತ್ತಿದ್ದವರು ‘ಹಾಗಾದರೆ ದೋಣಿ?’ ಅಂದರು. ಒಳ್ಳೇ ಪ್ರಶ್ನೆ. ಶರಾವತಿ ದಾಟಿಸುವ ಪುಟ್ಟ ದೋಣಿಯಲ್ಲಿ ಎದ್ದುನಿಂತರೆ ಎಲ್ಲರೂ ಬೈಯುತ್ತಾರೆ, ಅದಕ್ಕೇ ‘ಇನ್ ಎ ಬೋಟ್’. ಜನ, ಬೈಕು ಎಲ್ಲ ಏರುವ ಬಾರ್ಜಿಗೆ ‘ಆನ್’.

ಯಾವ ವಾಹನದಲ್ಲಿ ಬಂದಿರಿ ಅಂತ ಬರೀ ಬಗೆ ಹೇಳುವಾಗ ಬೈ. ‘ಬೈ ಬಸ್’, ‘ಬೈ ಟ್ರೇನ್’. ನಡುವೆ ಏನೂ ಸೇರಿಸಬಾರದು. ‘ಬೈ ಮೈ ಕಾರ್’ ಅಂದರೆ ಕೆಟ್ಟಿತು, ಅದು ‘ಇನ್ ಮೈ ಕಾರ್’. ನಡೆದುಕೊಂಡು ಬಂದರೆ ‘ಆನ್ ಫುಟ್’.

ಸಮುದ್ರ ತೆಗೆದುಕೊಳ್ಳಿ. ಕಾರವಾರದವರಿಗೆ ಅದು ಮನೆ ಬಾಗಿಲಲ್ಲೇ ಇದೆ, ಆದರೆ ಇಂಗ್ಲಿಷಲ್ಲಿ ಅದಕ್ಕೆ ನಾಲ್ಕು ಬಾಗಿಲು. ಈಜುವವನು ‘ಇನ್ ದಿ ಸೀ’, ನೀರು ಮೈಗೆ ಸುತ್ತಿಕೊಂಡಿದೆ. ನೀರಿನ ಮೇಲೆ ತೇಲುವುದೆಲ್ಲ ‘ಆನ್ ದಿ ಸೀ’. ಮೀನಿಗೆ ಹೋಗಿ ಹತ್ತು ದಿನ ದಡ ಕಾಣದವನು ‘ಅಟ್ ಸೀ’, ಇದರಲ್ಲಿ ‘ದಿ’ ಬರುವುದಿಲ್ಲ. ದಡದಲ್ಲಿ ಮನೆ ಇದ್ದವನದ್ದು ‘ಎ ಹೌಸ್ ಬೈ ದಿ ಸೀ’. ಕನ್ನಡದಲ್ಲಿ ಮೊದಲ ಮೂವರೂ ‘ಸಮುದ್ರದಲ್ಲಿ’ ಇದ್ದಾರೆ. ಬೀಚಿಗೆ ಬಂದರೆ ಮರಳಿನ ಮೇಲೆ ಕೂತವನು ‘ಆನ್ ದಿ ಬೀಚ್’. ಎಲ್ಲಿ ಸಿಗೋಣ ಅಂತ ಜಾಗ ಗುರುತಿಸುವಾಗ ‘ಅಟ್ ದಿ ಬೀಚ್’, ಅವನು ಪಾರ್ಕಿಂಗಿನಲ್ಲಿ ನಿಂತಿದ್ದರೂ ನಡೆಯುತ್ತದೆ.

ಊರಿಗೆ ಇನ್, ನಿಲ್ಲುವ ಜಾಗಕ್ಕೆ ಅಟ್, ರಸ್ತೆಗೆ ಆನ್. ‘ಇನ್ ಅಂಕೋಲಾ, ಆನ್ ಎನ್‌ಎಚ್ 66, ಅಟ್ ದಿ ಪೆಟ್ರೋಲ್ ಪಂಪ್.’ ಇಷ್ಟು ಬರೆದರೆ ಯಾವ ಡ್ರೈವರೂ ದಾರಿ ತಪ್ಪುವುದಿಲ್ಲ. ಹಳೇ ಕಾಗದಪತ್ರದಲ್ಲಿ ‘ರಿಸೈಡಿಂಗ್ ಅಟ್ ಸಿರ್ಸಿ’ ಅಂತ ಇರುತ್ತದೆ, ಅದನ್ನು ನೋಡಿ ಊರಿಗೆಲ್ಲ ಅಟ್ ಹಚ್ಚುತ್ತೇವೆ. ರೈಲು ಅಲ್ಲಿ ನಿಲ್ಲುತ್ತದೆ ಅನ್ನುವಾಗ ಮಾತ್ರ ಊರೂ ಒಂದು ಬಿಂದು ಆಗುತ್ತದೆ: ‘ದಿ ಟ್ರೇನ್ ಸ್ಟಾಪ್ಸ್ ಅಟ್ ಅಂಕೋಲಾ’. ನದಿ ದಡದ ಊರಿಗೆ ಆನ್. ಕಾರವಾರ ‘ಆನ್ ದಿ ಕಾಳಿ’ ಅಂದರೆ ಊರು ನೀರಲ್ಲಿ ತೇಲುತ್ತಿದೆ ಅಂತ ಯಾರೂ ತಿಳಿಯುವುದಿಲ್ಲ.

ಮರದಲ್ಲಿ ಹಲಸಿನ ಹಣ್ಣಿದ್ದರೆ ‘ಆನ್ ದಿ ಟ್ರೀ’, ಮಂಗ ಇದ್ದರೆ ‘ಇನ್ ದಿ ಟ್ರೀ’. ಹಣ್ಣು ಮರದ್ದೇ, ಮಂಗ ಹೊರಗಿನಿಂದ ಬಂದು ಎಲೆಯೊಳಗೆ ಸೇರಿದ್ದು. ಎರಡೂ ಒಟ್ಟಿಗೆ ಇದ್ದರೆ ವ್ಯಾಕರಣ ಬಿಟ್ಟು ಕವಣೆ ಹುಡುಕಿ.

ಲಕ್ಷಣ: ‘ಮೇಲೆ’ ಮತ್ತು ‘ಎದುರು’

ಮತ್ತೆ ಕಾಳಿ ಸೇತುವೆಗೇ ಬನ್ನಿ. ಅದು ಮುರಿದಾಗ ಒಂದು ಲಾರಿಯೂ ನೀರಿಗೆ ಬಿತ್ತು, ಚಾಲಕ ಬದುಕಿ ಬಂದ. ಸೇತುವೆ ನದಿಯ ಮೇಲೆ, ಲಾರಿ ಸೇತುವೆಯ ಮೇಲೆ. ನಮಗೆ ಎರಡೂ ‘ಮೇಲೆ’. ಇಂಗ್ಲಿಷಲ್ಲಿ ಸೇತುವೆ ನೀರಿಗೆ ತಾಗದೆ ದಾಟುತ್ತದೆ, ಅದು ‘ಓವರ್ ದಿ ರಿವರ್’. ಲಾರಿಯ ಚಕ್ರ ಸೇತುವೆಗೆ ತಾಗಿದೆ, ಅದು ‘ಆನ್ ದಿ ಬ್ರಿಡ್ಜ್’. ಬಿದ್ದದ್ದು ‘ಇಂಟು ದಿ ರಿವರ್’, ಬಿದ್ದ ಮೇಲೆ ಇದ್ದದ್ದು ‘ಇನ್ ದಿ ರಿವರ್’. ಸಾಗುತ್ತಾ ಒಳಗೆ ಹೋಗುವುದಕ್ಕೆ ಇಂಟು, ಹೋಗಿ ಇರುವುದಕ್ಕೆ ಇನ್. ಬರೀ ಎತ್ತರ ಹೇಳುವಾಗ ಅಬವ್, ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಮೇಲೆ ಅಂದ ಹಾಗೆ.

‘ಘಟ್ಟದ ಮೇಲೆ’ ಅನ್ನುವುದನ್ನು ಮಾತ್ರ ಆನ್, ಓವರ್, ಅಬವ್ ಯಾವುದಕ್ಕೂ ತುರುಕಬೇಡಿ. ನಾನು ಒಮ್ಮೆ ‘ಅವರ್ ಹೌಸ್ ಈಸ್ ಅಬವ್ ದಿ ಘಾಟ್’ ಅಂತ ಬರೆದು, ಗೆಸ್ಟು ರೋಪ್‌ವೇ ಇದೆಯಾ ಅಂತ ಕೇಳಿದ್ದರು. ‘ಅಪ್ ಇನ್ ದಿ ಹಿಲ್ಸ್’ ಅಂದರೆ ಸಾಕು. ಕೆಳಗಿನವರು ‘ಡೌನ್ ಆನ್ ದಿ ಕೋಸ್ಟ್’.

‘ಎದುರು’ ಇನ್ನೂ ಮೋಸದ್ದು. ಬಸ್ ಸ್ಟ್ಯಾಂಡ್ ಎದುರು ನಿಲ್ಲಿ ಅಂದರೆ ನಮಗೆ ಎರಡೂ ಆಗುತ್ತದೆ. ಸ್ಟ್ಯಾಂಡಿನ ಬದಿಗೇ, ಅದರ ಮುಂಬಾಗಿಲಲ್ಲಿ ನಿಂತರೆ ‘ಇನ್ ಫ್ರಂಟ್ ಆಫ್’. ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತರೆ ‘ಆಪೋಸಿಟ್’. ಒಮ್ಮೆ ನಾನು ಗೆಸ್ಟಿಗೆ ಇನ್ ಫ್ರಂಟ್ ಆಫ್ ಬರೆದೆ, ತಮ್ಮ ರಸ್ತೆ ಆಚೆ ಹೋಟೆಲ್ ಬದಿ ನಿಂತ. ನಡುವೆ ಬಸ್ಸುಗಳು. ಹದಿನೈದು ನಿಮಿಷ ಇಬ್ಬರೂ ಒಬ್ಬರಿಗೊಬ್ಬರು ಕಾಣಲಿಲ್ಲ. ಆಪೋಸಿಟ್ ಆದಮೇಲೆ ಟು ಬೇಡ, ‘ಆಪೋಸಿಟ್ ದಿ ಬಸ್ ಸ್ಟ್ಯಾಂಡ್’ ಅಷ್ಟೇ. ನಿಯರ್‌ಗೂ ಹಾಗೇ, ಟು ಬೇಡ. ಬಿಸೈಡ್ ಅಂದರೆ ಪಕ್ಕ, ಕೊನೆಗೆ ಒಂದು ಎಸ್ ಸೇರಿ ಬಿಸೈಡ್ಸ್ ಆದರೆ ‘ಅಲ್ಲದೆ’.

ಲಕ್ಷಣ: ಬೇಡದ ಕಡೆ ಬಂದಿದೆ

ಪೈಪಿನ ಸೋರಿಕೆ ಇದ್ದ ಹಾಗೆ. ಎಲ್ಲ ಸರಿ ಇರುತ್ತದೆ, ಒಂದು ಶಬ್ದ ಹೆಚ್ಚು. ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಇದ್ದರೆ ಆನ್, ಇನ್, ಅಟ್ ಯಾವುದೂ ಬೇಡ. ‘ಆನ್ ನೆಕ್ಸ್ಟ್ ಮಂಡೇ’ ಅಲ್ಲ, ‘ನೆಕ್ಸ್ಟ್ ಮಂಡೇ’. ಟುಡೇ, ಟುಮಾರೋಗೂ ಬೇಡ. ನಾವು ‘ನಾಳೆಗೆ ಬನ್ನಿ’ ಅಂತ ಗೆ ಹಚ್ಚುತ್ತೇವೆ, ಆ ಗೆ ಇಂಗ್ಲಿಷಿಗೂ ನುಸುಳುತ್ತದೆ. ‘ಮನೆಗೆ ಹೋಗು’ ಅನ್ನುವಲ್ಲಿಯೂ ಇದೇ. ‘ಗೋ ಹೋಮ್’ ಸಾಕು, ಟು ಬೇಡ.

ರೀಚ್, ಎಂಟರ್, ಡಿಸ್ಕಸ್ ಈ ಮೂರೂ ಒಂಟಿಯಾಗಿ ನಡೆಯುವವು. ‘ರೀಚ್ ಟು ಕಾರವಾರ’, ‘ಎಂಟರ್ ಇಂಟು ದಿ ರೂಮ್’, ‘ಡಿಸ್ಕಸ್ ಅಬೌಟ್ ರೇಟ್’ ಮೂರರಲ್ಲೂ ನಡುವಿನ ಶಬ್ದ ತೆಗೆಯಿರಿ. ಅರೈವ್ ಮಾತ್ರ ಜೊತೆ ಕೇಳುತ್ತದೆ: ಊರಿಗೆ ‘ಅರೈವ್ ಇನ್’, ಸ್ಟೇಷನ್ನಿಗೆ ‘ಅರೈವ್ ಅಟ್’. ಟು ಅಂತೂ ಅಲ್ಲ.

ದೋಷ ಅಲ್ಲದ್ದು

ಕೆಲವು ಕಡೆ ಏನೂ ಕೆಟ್ಟಿಲ್ಲ, ಬರೀ ದೇಶ ಬೇರೆ. ‘ಅಟ್ ದಿ ವೀಕೆಂಡ್’ ಬ್ರಿಟಿಷರದ್ದು, ‘ಆನ್ ದಿ ವೀಕೆಂಡ್’ ಅಮೆರಿಕದವರದ್ದು. ಬೀದಿಗೆ ಅವರು ಇನ್ ಅಂದರೆ ಇವರು ಆನ್ ಅನ್ನುತ್ತಾರೆ. ದೀಪಾವಳಿಯ ಆಸುಪಾಸು ಅನ್ನುವಾಗ ‘ಅಟ್ ದೀಪಾವಳಿ’, ಆ ದಿನವೇ ಅಂದರೆ ‘ಆನ್ ದೀಪಾವಳಿ ಡೇ’. ‘ಟೂ ಡೇಸ್ ಬ್ಯಾಕ್’ ನಮ್ಮ ದೇಶದಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಅಗೋ ಬರೆಯುತ್ತೇನೆ, ಬ್ಯಾಕ್ ಬರೆದವರೊಡನೆ ಜಗಳಕ್ಕೆ ಹೋಗುವುದಿಲ್ಲ.

ಒಂದು ಮೆಸೇಜ್, ಪೂರ್ತಿ ಬಿಚ್ಚಿ

ಹೊನ್ನಾವರದ ಬದಿಯ ನಮ್ಮ ಅತ್ತಿಗೆ ಹೋದ ವಾರ ಇದನ್ನು ಕಳಿಸಿ, ನೋಡಿಕೊಡು ಅಂದರು: ‘ವಿ ಆರ್ ರನ್ನಿಂಗ್ ದಿಸ್ ಹೋಮ್‌ಸ್ಟೇ ಸಿನ್ಸ್ ಸಿಕ್ಸ್ ಇಯರ್ಸ್. ಕಾರ್ ವಿಲ್ ಕಮ್ ಆನ್ ನೆಕ್ಸ್ಟ್ ಸ್ಯಾಟರ್ಡೇ ಇನ್ ಫೈವ್ ಓಕ್ಲಾಕ್ ಇನ್ ಫ್ರಂಟ್ ಆಫ್ ಸ್ಟೇಷನ್. ಟೆಲ್ ಯುವರ್ ಡಿನ್ನರ್ ಅಂಟಿಲ್ ಫ್ರೈಡೇ. ಯು ವಿಲ್ ರೀಚ್ ಟು ಅವರ್ ಹೌಸ್ ಆಫ್ಟರ್ ಹಾಫ್ ಆನ್ ಅವರ್.’

ಇಬ್ಬರೂ ಫೋನಲ್ಲೇ ಕೂತೆವು. ‘ಆರು ವರ್ಷದಿಂದ’ ಉದ್ದ, ಹಾಗಾಗಿ ಫಾರ್, ಅದರ ಜೊತೆ ಹ್ಯಾವ್ 
ಬೀನ್ ರನ್ನಿಂಗ್. ನೆಕ್ಸ್ಟ್ ಇದೆ, ಆನ್ ತೆಗೆದೆವು. ‘ಐದಕ್ಕೆ’ ಅಂದರೆ ಐದಕ್ಕೇ ಬರುವುದಾ, ಐದರ ಒಳಗೆ ಬಂದು ನಿಂತಿರುವುದಾ ಅಂತ ಕೇಳಿದೆ. ‘ಮುಂಚೆನೇ ಹೋಗಿ ನಿಲ್ತಾರೆ’ ಅಂದರು. ಬೈ ಫೈವ್. ಇನ್ ಫ್ರಂಟ್ ಆಫ್ ಸರಿಯೇ ಇತ್ತು, ಕಾರು ಸ್ಟೇಷನ್ ಬದಿಗೇ ನಿಲ್ಲುತ್ತದೆ. ಮುಟ್ಟಲಿಲ್ಲ, ಒಂದು ‘ದಿ’ ಸೇರಿಸಿದೆವು. ‘ಶುಕ್ರವಾರದ ಒಳಗೆ’ ಬೈ ಫ್ರೈಡೇ. ರೀಚ್ ಮುಂದಿನ ಟು ತೆಗೆದೆವು. ಆಫ್ಟರ್ ಹೋಗಿ ಇನ್ ಬಂತು.

ಕೊನೆಗೆ ನಿಂತದ್ದು: ‘ವಿ ಹ್ಯಾವ್ ಬೀನ್ ರನ್ನಿಂಗ್ ದಿಸ್ ಹೋಮ್‌ಸ್ಟೇ ಫಾರ್ ಸಿಕ್ಸ್ ಇಯರ್ಸ್. ದಿ ಕಾರ್ ವಿಲ್ ಬಿ ಇನ್ ಫ್ರಂಟ್ ಆಫ್ ದಿ ಸ್ಟೇಷನ್ ಬೈ ಫೈವ್ ನೆಕ್ಸ್ಟ್ ಸ್ಯಾಟರ್ಡೇ, ಅಂಡ್ ವಿಲ್ ವೇಟ್ ಅಂಟಿಲ್ ಯು ಕಮ್. ಪ್ಲೀಸ್ ಟೆಲ್ ಅಸ್ ಬೈ ಫ್ರೈಡೇ ವಾಟ್ ಯು ವುಡ್ ಲೈಕ್ ಫಾರ್ ಡಿನ್ನರ್. ಯು ವಿಲ್ ರೀಚ್ ಅವರ್ ಹೌಸ್ ಇನ್ ಹಾಫ್ ಆನ್ ಅವರ್.’

‘ವೇಟ್ ಅಂಟಿಲ್ ಯು ಕಮ್’ ನಾನೇ ಸೇರಿಸಿದ್ದು. ಕಾರಣ ಅತ್ತಿಗೆಗೆ ಗೊತ್ತಿತ್ತು, ನಕ್ಕರು. ಆಮೇಲೆ ‘ಅವರ್ ಹೌಸ್ ಎಂತಕ್ಕೆ, ರೀಚ್ ಹೋಮ್ ಅಂದ್ರೆ ಚಂದ ಅಲ್ದಾ?’ ಅಂದರು. ರೀಚ್ ಹೋಮ್ ಅಂದರೆ ಅವರು ಅವರ ಮನೆಗೇ ವಾಪಸು ಮುಟ್ಟಿದ ಹಾಗೆ ಆಗುತ್ತದೆ ಅಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಅಡ್ವಾನ್ಸ್ ಬಂದಿಲ್ಲೆ ಇನ್ನೂ. ಹೌಸ್ ಇರಲಿ’ ಅಂದರು. ಹೌಸ್ ಅಂತಲೇ ಕಳಿಸಿದೆವು.